ಲೆನ್ಸಿಗೆ ಪೆಟ್ಟಾಯಿತೇ? ರಿಪೇರಿಗೆ ಕೊಡುವ ಮುನ್ನ ಇಷ್ಟು ತಿಳಿದಿರಲಿ

ಹಂಪಿಯ ಬಂಡೆಗೆ ಬಡಿದ ಲೆನ್ಸ್, ಸಂಡೂರಿನ ಗಣಿ ರಸ್ತೆಯಲ್ಲಿ ಕೆಂಧೂಳು ಮೆತ್ತಿದ ಲೆನ್ಸ್, ಕಂಪ್ಲಿಯ ಹೊಳೆದಂಡೆಯಲ್ಲಿ ನೀರಿಗೆ ಬಿದ್ದ ಲೆನ್ಸ್. ಹೊಸಪೇಟೆ ಸುತ್ತ ಮದುವೆ, ಜಾತ್ರೆ, ಹಂಪಿ ಉತ್ಸವದ ಫೋಟೊ ತೆಗೆಯುವವರಿಗೆ ಇವು ಹೊಸತಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಬೇಡದ ರಿಪೇರಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಇನ್ನು ಕೆಲವರು ಕೂಡಲೇ ಮಾಡಿಸಬೇಕಾದ ರಿಪೇರಿಯನ್ನು ಮುಂದೂಡಿ ಲೆನ್ಸನ್ನೇ ಕಳೆದುಕೊಳ್ಳುತ್ತಾರೆ. ಎರಡಕ್ಕೂ ಮೂಲ ಬಾಯಿಂದ ಬಾಯಿಗೆ ಬಂದ ನಂಬಿಕೆಗಳು.

ತಪ್ಪು ಕಲ್ಪನೆ: ಮುಂದಿನ ಗಾಜಿಗೆ ಗೀರು ಬಿದ್ದರೆ ಫೋಟೊದಲ್ಲೂ ಗೀರು ಬರುತ್ತದೆ.

ಸತ್ಯ: ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ತಲೆಕೆಳಗಾದ ನೆರಳು ಗೋಡೆಯ ಮೇಲೆ ಮೂಡುತ್ತದೆ. ಅಲ್ಲಿ ಗಾಜೇ ಇಲ್ಲ. ಗೋಪುರದ ಪ್ರತಿ ಬಿಂದುವಿನ ಬೆಳಕು ಒಂದು ಪುಟ್ಟ ಕಿಂಡಿಯಿಂದ ಹಾಯ್ದು ಗೋಡೆ ಸೇರುತ್ತದೆ. ಲೆನ್ಸಿನ ಬಾಯಿ ಆ ಕಿಂಡಿಯ ಹಾಗೆ ಕಿರಿದಲ್ಲ. ದೃಶ್ಯದ ಪ್ರತಿ ಬಿಂದುವಿನಿಂದ ಬಂದ ಬೆಳಕು ಅದರ ಮೇಲೆ ಅಗಲವಾಗಿ ಬಿದ್ದು, ಒಳಗೆ ಮತ್ತೆ ಒಂದೆಡೆ ಕೂಡುತ್ತದೆ. ಹಾಗಾಗಿ ಸಣ್ಣ ಗೀರು ಚಿತ್ರದ ಯಾವ ಭಾಗವನ್ನೂ ಅಳಿಸುವುದಿಲ್ಲ, ಅಲ್ಪಸ್ವಲ್ಪ ಬೆಳಕನ್ನು ಚದುರಿಸುತ್ತದೆ ಅಷ್ಟೆ. ಮಾತಂಗ ಬೆಟ್ಟದ ಸೂರ್ಯೋದಯದಂತೆ ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ತುಸು ಮಂಕಾಗಬಹುದು. ಸೆನ್ಸರಿಗೆ ಹತ್ತಿರವಿರುವ ಹಿಂದಿನ ಗಾಜಿನ ಗೀರು ಮಾತ್ರ ಗಂಭೀರ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದು ಬೇಡವೇ ಬೇಡ. ಗೀರು ಹೋಗುವುದಿಲ್ಲ, ಗಾಜಿನ ಮೇಲಿನ ತೆಳು ಲೇಪನ ಹೋಗುತ್ತದೆ.

ತಪ್ಪು ಕಲ್ಪನೆ: ಒಳಗೆ ಧೂಳು ಕಂಡರೆ ಲೆನ್ಸ್ ಬಿಚ್ಚಿಸಲೇಬೇಕು.

ಸತ್ಯ: ಉದ್ದ-ಗಿಡ್ಡ ಆಗುವ ಜೂಮ್ ಲೆನ್ಸ್ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳೂ ಬರುತ್ತದೆ. ನಾಲ್ಕಾರು ಕಣ ಇದ್ದರೆ ಚಿತ್ರಕ್ಕೆ ಧಕ್ಕೆಯಿಲ್ಲ. ಆಕಾಶದ ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡರೆ ಲೆನ್ಸ್ ಬದಲಿಸಿ ನೋಡಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ಧೂಳು ಕೂತಿರುವುದು ಸೆನ್ಸರಿನ ಮೇಲೆ. ಸಂಡೂರಿನ ಕೆಂಧೂಳಿನಲ್ಲಿ ಭಯಪಡಬೇಕಾದದ್ದು ಬೇರೆಯದಕ್ಕೆ. ಕಬ್ಬಿಣದ ಅದಿರಿನ ಕಣ ಗಾಜನ್ನು ಗೀರುವಷ್ಟು ಗಟ್ಟಿ. ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಬಿದ್ದಂತೆಯೇ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಒರೆಸಿ. ಜೂಮ್ ಅಥವಾ ಫೋಕಸ್ ರಿಂಗ್ ತಿರುಗಿಸುವಾಗ ಕರಕರ ಎಂದರೆ ಮಾತ್ರ ಬಿಚ್ಚಿಸಿ.

ತಪ್ಪು ಕಲ್ಪನೆ: ಫಂಗಸ್ ಮಲೆನಾಡಿನ ಕಾಟ, ನಮ್ಮ ಬಿಸಿಲ ಸೀಮೆಗೆ ಬರುವುದಿಲ್ಲ.

ಸತ್ಯ: ಹೊಳೆದಂಡೆಯಲ್ಲೋ ಮಳೆಯಲ್ಲೋ ತೇವ ಹಿಡಿದ ಲೆನ್ಸನ್ನು ಚರ್ಮದ ಚೀಲಕ್ಕೆ ತುರುಕಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಯಾವ ಊರಲ್ಲೂ ಫಂಗಸ್ ಹಿಡಿಯುತ್ತದೆ. ಜೇಡನ ಬಲೆಯಂಥ ಎಳೆ ಕಂಡ ಕೂಡಲೇ ಕೊಟ್ಟರೆ ಶುಚಿ ಮಾಡಬಹುದು. ತಡವಾದರೆ ಅದು ಬಿಡುವ ಆಮ್ಲ ಲೇಪನವನ್ನು ತಿನ್ನುತ್ತದೆ, ಆ ಕಲೆ ಹೋಗದು. ಹಾಗಂತ ಮಾಸಿದ ಲೇಪನ ಲೆನ್ಸಿನ ಕೊನೆಯೂ ಅಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಾಗ ಲೆನ್ಸಿಗೆ ಲೇಪನವೆಂಬುದೇ ಇರಲಿಲ್ಲ. ಆ ಚಿತ್ರಗಳು ಇಂದಿಗೂ ಹಂಪಿಯ ಅಧ್ಯಯನಕ್ಕೆ ಆಧಾರ.

ತಪ್ಪು ಕಲ್ಪನೆ: ಬಿದ್ದರೂ ಗಾಜು ಒಡೆದಿಲ್ಲ, ಅಂದರೆ ಏನೂ ಆಗಿಲ್ಲ.

ಸತ್ಯ: ಫಿಲ್ಟರ್ ಪುಡಿಯಾದರೂ ಲೆನ್ಸ್ ಉಳಿದಿರಬಹುದು. ಹೊರಗೆ ಏನೂ ಆಗದಿದ್ದರೂ ಒಳಗಿನ ಗಾಜು ಕೂದಲೆಳೆಯಷ್ಟು ಸರಿದಿರಬಹುದು. ಆಗ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಪರೀಕ್ಷೆ ಸುಲಭ. ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರ ಸಾಲುಗಳಿವೆ. ಗೋಡೆಗೆ ನೇರ ಎದುರು ನಿಂತು, ಅಪರ್ಚರ್ ಪೂರ್ತಿ ತೆರೆದು, ವೇಗದ ಶಟರಿನಲ್ಲಿ ನಾಲ್ಕಾರು ಚಿತ್ರ ತೆಗೆಯಿರಿ. ಸ್ಮಾರಕದಲ್ಲಿ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಹಿಡಿದು ತೆಗೆದರೆ ಸಾಕು. ಎಲ್ಲ ಚಿತ್ರಗಳಲ್ಲೂ ಅದೇ ಮೂಲೆ ಮಸುಕಾಗಿದ್ದರೆ ರಿಪೇರಿ ಬೇಕು.

ತಪ್ಪು ಕಲ್ಪನೆ: ನೀರಿಗೆ ಬಿದ್ದ ಲೆನ್ಸನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ.

ಸತ್ಯ: ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ಅದರ ಹಿಟ್ಟು ಸಂದಿಗೊಂದಿ ಸೇರುತ್ತದೆ. ಹೊಳೆನೀರು ಆರಿದ ಮೇಲೂ ಅದರ ಉಪ್ಪು, ಮಣ್ಣು ಒಳಗೇ ಉಳಿದು ಮೋಟಾರನ್ನೂ ಸರ್ಕಿಟ್ಟನ್ನೂ ತಿನ್ನುತ್ತವೆ. ಇಂದು ಕೆಲಸ ಮಾಡಿದ ಲೆನ್ಸ್ ಮುಂದಿನ ತಿಂಗಳು ಕೈಕೊಡಬಹುದು. ಹರಿಗೋಲಿನಿಂದ ಲೆನ್ಸ್ ನೀರಿಗೆ ಬಿದ್ದರೆ ಕ್ಯಾಮೆರಾ ಆನ್ ಮಾಡಬೇಡಿ. ಬ್ಯಾಟರಿ ತೆಗೆದು, ಲೆನ್ಸ್ ಕಳಚಿ, ರಿಂಗ್ ತಿರುಗಿಸದೆ, ಆದಷ್ಟು ಬೇಗ ರಿಪೇರಿಯವರ ಕೈಗೆ ಕೊಡಿ. ಇಲ್ಲಿ ತಡವೇ ಶತ್ರು.

ತಪ್ಪು ಕಲ್ಪನೆ: ದುಬಾರಿ ಕೊಟ್ಟು ಕೊಂಡದ್ದು, ಎಷ್ಟಾದರೂ ಸರಿ ರಿಪೇರಿ ಮಾಡಿಸಬೇಕು.

ಸತ್ಯ: ಅಂದು ಕೊಟ್ಟ ಬೆಲೆಯನ್ನು ಮರೆಯಿರಿ. ಅದೇ ಲೆನ್ಸ್ ಇಂದು ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ. ರಿಪೇರಿ ಖರ್ಚು ಅದರ ಅರ್ಧ ದಾಟಿದರೆ ಎರಡು ಸಲ ಯೋಚಿಸಿ. ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸಿಗೆ ದೊಡ್ಡ ರಿಪೇರಿ ಸಾಮಾನ್ಯವಾಗಿ ನಷ್ಟ. ದರೋಜಿಯ ಕರಡಿ ತೆಗೆಯಲು ಕೊಂಡ ಟೆಲಿ ಲೆನ್ಸಿಗೆ ಲಾಭ. ಬಿದ್ದದ್ದು, ನೆನೆದದ್ದು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ತಯಾರಿಕೆ ನಿಂತ ಹಳೆಯ ಲೆನ್ಸಾದರೆ ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಬೆಂಗಳೂರಿಗೆ ಕಳಿಸುವುದಾದರೆ ಅಂದಾಜು ಖರ್ಚನ್ನು ಬರಹದಲ್ಲಿ ಪಡೆಯಿರಿ. ಬೇಡವೆಂದರೆ ತಪಾಸಣೆ ಶುಲ್ಕ ಎಷ್ಟು ಎಂಬುದನ್ನೂ ತಿಳಿದುಕೊಳ್ಳಿ.

ಒಟ್ಟಿನಲ್ಲಿ, ಟಾರ್ಚ್ ಹಾಕಿ ಗಾಜನ್ನು ನೋಡಿ ನಿರ್ಧರಿಸಬೇಡಿ, ತೆಗೆದ ಚಿತ್ರವನ್ನು ನೋಡಿ ನಿರ್ಧರಿಸಿ. ಟಾರ್ಚಿನ ಬೆಳಕಿನಲ್ಲಿ ಚೆನ್ನಾಗಿರುವ ಲೆನ್ಸೂ ಹಾಳಾದಂತೆ ಕಾಣುತ್ತದೆ. ಮದುವೆ ತೆಗೆಯುವವರು ಇನ್ನೊಂದನ್ನು ನೆನಪಿಡಬೇಕು. ತಾಳಿ ಕಟ್ಟುವ ಗಳಿಗೆ ಎರಡನೇ ಸಲ ಬರುವುದಿಲ್ಲ. ಮುಂದಿನ ಗಾಜಿಗೆ ಗೀರು ಬಿದ್ದ ಲೆನ್ಸನ್ನು ಧೈರ್ಯವಾಗಿ ಮಂಟಪಕ್ಕೆ ಒಯ್ಯಿರಿ. ಆಗಾಗ ಫೋಕಸ್ ತಪ್ಪುವ ಲೆನ್ಸ್ ಎಷ್ಟೇ ಥಳಥಳಿಸಿದರೂ ರಿಪೇರಿಯಾಗುವವರೆಗೆ ಮನೆಯಲ್ಲೇ ಇರಲಿ.