ಬರಬಹುದು, ಬಂದಾನು

ಜಯನಗರದ ಉದ್ಯಾನವೊಂದರಲ್ಲಿ ಮೊನ್ನೆ ಸಂಜೆ ಅಜ್ಜಿಯೊಬ್ಬರು ಜಾರುಬಂಡೆಯೇರುತ್ತಿದ್ದ ಮೊಮ್ಮಗನನ್ನು 'ಬಿದ್ದೀಯೆ, ಜೋಕೆ!' ಎಂದು ಎಚ್ಚರಿಸಿದರು. ಆ ಒಂದೇ ಕ್ರಿಯಾಪದದಲ್ಲಿ ಊಹೆಯೂ ಇದೆ, ಅಂಜಿಕೆಯೂ ಇದೆ. ವೈಯಾಕರಣರು ಇದನ್ನು ಸಂಭಾವನಾರ್ಥಕವೆನ್ನುತ್ತಾರೆ.

ಇಂಗ್ಲಿಷಿನಲ್ಲಿ ಇಂತಹ ಅರ್ಥಭೇದಗಳ ಹೊರೆಯನ್ನು ಬಹುಮಟ್ಟಿಗೆ 'ಮೇ', 'ಮಸ್ಟ್' ಮೊದಲಾದ ಸಹಾಯಕ ಕ್ರಿಯೆಗಳೇ ಹೊರುತ್ತವೆ. ಕ್ರಿಯಾಪದವೇ ರೂಪ ಬದಲಿಸುವುದು 'ಇಫ್ ಐ ವರ್' ಎಂಬಂತಹ ಕೆಲವೆಡೆ ಮಾತ್ರ. 'ಹಿ ಮೇ ಕಮ್' ಎಂಬುದು ಅಪ್ಪಣೆಯೋ, ಊಹೆಯೋ? ಸಂದರ್ಭವೇ ಹೇಳಬೇಕು. ನಮ್ಮ 'ಬರಬಹುದು' ಎಂಬುದಕ್ಕೂ ಇದೇ ಇಬ್ಬಂದಿ. ಆದರೆ 'ಬಂದಾನು' ಎಂದಾಗ ಅಪ್ಪಣೆಯ ಸುಳಿವೇ ಇಲ್ಲ. 'ಬರಲಿ' ಎಂದರೆ ಒಪ್ಪಿಗೆ ಇಲ್ಲವೆ ಹಾರೈಕೆ; 'ಬಾರನು' ಎಂದರೆ ನಿಷೇಧ. ಎಲ್ಲವೂ ಒಂದೊಂದೇ ಪದದೊಳಗೆ!

ಆ ಇಂಗ್ಲಿಷ್ ವಾಕ್ಯವನ್ನು ತರಗತಿಯಲ್ಲಿ ಅನುವಾದಕ್ಕೆ ಕೊಟ್ಟೆ. ಎಲ್ಲರೂ 'ಬರಬಹುದು' ಎಂದೇ ಬರೆದರು. ತಪ್ಪೆನ್ನಲಾರೆ, ಆದರೂ ಮನಸ್ಸಿಗೆ ಪಿಚ್ಚೆನಿಸಿತು. ಕರಿಹಲಗೆಯ ಮೇಲೆ 'ಬಂದಾನು' ಎಂದು ಬರೆದೆ.

'ಇದು ಹಳಗನ್ನಡವೇ, ಸಾರ್?' ಎಂದಳು ಒಬ್ಬ ಹುಡುಗಿ.

'ಮನೆಯಲ್ಲಿ ಅಜ್ಜಿಯಿದ್ದರೆ ಅವರ ಮಾತಿಗೆ ಕಿವಿಗೊಡಮ್ಮ' ಎಂದೆ.

ಮರುದಿನ ಆಕೆ ನಗುತ್ತ ಬಂದಳು. 'ಬೆಳಗ್ಗೆಯೇ ಸಿಕ್ಕಿತು, ಸಾರ್. ಹಾಲು ಉಕ್ಕೀತು, ನೋಡೇ ಅಂದರು.'