ಬೆಂಗಳೂರಿನ ಚಳಿಯಲ್ಲಿ ಗಿನಿ ಕೋಳಿ, ನಾಟಿ ಕೋಳಿಗಳ ಆರೈಕೆ

ಕರಾವಳಿಯಿಂದ ಬಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿದ ಅನೇಕರಿಗೆ ಊರಿನಲ್ಲಿದ್ದಂತೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಆಸೆ ಇರುತ್ತದೆ. ಆದರೆ ಊರಿನ ಚಳಿ ಬೇರೆ, ಇಲ್ಲಿನ ಚಳಿ ಬೇರೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನಲ್ಲಿ ಅದು 15-16 ಡಿಗ್ರಿಗೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಇಲ್ಲಿನ ಕನಿಷ್ಠ ದಾಖಲೆ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ.

ದೊಡ್ಡ ಕೋಳಿಗಳು: ಗಿನಿ ಕೋಳಿಯ ಮೂಲ ಆಫ್ರಿಕಾ. ಆದರೂ ರೆಕ್ಕೆಪುಕ್ಕ ಪೂರ್ತಿ ಬಂದ ಗಿನಿ ಕೋಳಿ, ನಾಟಿ ಕೋಳಿ, ಗಿರಿರಾಜ ಇವೆಲ್ಲ ಬೆಂಗಳೂರಿನ ಚಳಿಯನ್ನು ತಡೆದುಕೊಳ್ಳುತ್ತವೆ. ಅವುಗಳಿಗೆ ತೊಂದರೆ ಕೊಡುವುದು ಒದ್ದೆ ನೆಲ ಮತ್ತು ಉಸಿರುಗಟ್ಟಿಸುವ ಗೂಡು. ಚಳಿಯೆಂದು ಗೂಡನ್ನು ಪೂರ್ತಿ ಮುಚ್ಚಿದರೆ ಹಿಕ್ಕೆಯ ಘಾಟು ಒಳಗೇ ನಿಂತು ಕಣ್ಣು, ಶ್ವಾಸಕೋಶ ಕೆಡುತ್ತವೆ. ಗಾಳಿ ಬೀಸುವ ಕಡೆಗೆ ಗೋಣಿಚೀಲ ಇಳಿಬಿಟ್ಟು, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಿ. ನೆಲಕ್ಕೆ 2-3 ಇಂಚು ಭತ್ತದ ಹೊಟ್ಟು ಹಾಸಿ, ಒದ್ದೆಯಾದ ಕಡೆ ಕೂಡಲೇ ಬದಲಿಸಿ.

ಮರಿಗಳು: ನಿಜವಾದ ಅಪಾಯ ಮರಿಗಳಿಗೆ. ಮೊದಲ ವಾರ ಸುಮಾರು 35 ಡಿಗ್ರಿ ಬೇಕು; ನಂತರ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ ಮಾಡುತ್ತ ಬನ್ನಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಹಳೆಯ ತಂತಿ ಬಲ್ಬು ಬೇಕು. ಮರಿಗಳು ಬಲ್ಬಿನ ಕೆಳಗೆ ಮುದ್ದೆಯಾಗಿ ಕೂತರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದು ತಿಳಿಯಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಡಲೇಬಾರದು. ಅದರ ವಿಷಾನಿಲ ಮರಿಗಳನ್ನು ಮಾತ್ರವಲ್ಲ, ಮನೆಯವರನ್ನೂ ಕೊಲ್ಲಬಲ್ಲದು. ಗಿನಿ ಮರಿಗಳು ನೀರಿನ ತಟ್ಟೆಗೆ ಬಿದ್ದು ಸಾಯುವುದುಂಟು. ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿಡಿ.

ಮೊಟ್ಟೆ: ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಸುಮಾರು 11 ಗಂಟೆ 20 ನಿಮಿಷ ಮಾತ್ರ. ಬೆಳಕು ಕಡಿಮೆಯಾದಂತೆ ಹೇಂಟೆಗಳ ಮೊಟ್ಟೆಯೂ ಕಡಿಮೆಯಾಗುತ್ತದೆ. ಬೆಳಗಿನ ಜಾವ ದೀಪ ಹಾಕಿ ಒಟ್ಟು 14 ಗಂಟೆ ಬೆಳಕು ಒದಗಿಸಬಹುದು. ಇದಕ್ಕೆ ಎಲ್‌ಇಡಿ ಸಾಕು. ಗಿನಿ ಕೋಳಿ ಋತುವಿಗೆ ತಕ್ಕಂತೆ ಮೊಟ್ಟೆಯಿಡುವ ಹಕ್ಕಿ. ಚಳಿಗಾಲದಲ್ಲಿ ಅದು ಮೊಟ್ಟೆ ನಿಲ್ಲಿಸಿದರೆ ರೋಗವೆಂದು ಗಾಬರಿಪಡಬೇಡಿ.

ರೋಗ: ಕೊಕ್ಕರೆ ರೋಗ ಅಂದರೆ ರಾಣಿಖೇತ್ ಬಂದರೆ ನಾಲ್ಕೈದು ದಿನಗಳಲ್ಲಿ ಗೂಡೇ ಬರಿದಾಗಬಹುದು. ಇದಕ್ಕೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಮೊದಲ ವಾರದಲ್ಲಿ ಒಮ್ಮೆ, ಮುಂದೆ ಪಶುವೈದ್ಯರು ಹೇಳಿದಂತೆ ಹಾಕಿಸಿ. ಹೊಸದಾಗಿ ತಂದ ಹಕ್ಕಿಯನ್ನು ಕನಿಷ್ಠ ಎರಡು ವಾರ ಬೇರೆ ಇಡಿ. ಹಕ್ಕಿಜ್ವರವೂ ದೂರದ ಮಾತಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲೇ ಅದು ಕಾಣಿಸಿಕೊಂಡಿತ್ತು. ಹಕ್ಕಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸಕ್ಕೆ ಎಸೆಯಬೇಡಿ, ಉಳಿದವನ್ನು ಮಾರಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.

ಕೊನೆಯದಾಗಿ ಒಂದು ಮಾತು. ಗಿನಿ ಕೋಳಿ ಹಾವು, ಬೆಕ್ಕು, ಅಪರಿಚಿತರನ್ನು ಕಂಡರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ತೋಟದ ಮನೆಗೆ ಅದು ಕಾವಲು, ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ಜಗಳಕ್ಕೆ ಕಾರಣ. ಆದ್ದರಿಂದ ಹಕ್ಕಿ ತರುವ ಮೊದಲು ಪಕ್ಕದ ಮನೆಯವರೊಂದಿಗೆ ಮಾತನಾಡಿಕೊಳ್ಳುವುದು ಒಳ್ಳೆಯದು.