ನಿಮಗಿದು ಗೊತ್ತೆ? ಟೆಲಿಸ್ಕೋಪಿಗೂ ಬೂಷ್ಟು ಹಿಡಿಯುತ್ತದೆ!
ಬೂಷ್ಟು ಬರುವುದು ಉಪ್ಪಿನಕಾಯಿಗಷ್ಟೇ ಅಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಟೆಲಿಸ್ಕೋಪಿನ ಮಸೂರದ ಮೇಲೂ ಅದು ಎಳೆಎಳೆಯಾಗಿ ಹಬ್ಬುತ್ತದೆ. ಅದು ಸ್ರವಿಸುವ ಆಮ್ಲ ಮಸೂರದ ಲೇಪನವನ್ನು, ಕೊನೆಗೆ ಗಾಜನ್ನೂ ಕೊರೆಯುತ್ತದೆ. ಆ ಕಲೆ ಒರೆಸಿದರೆ ಹೋಗದು. ರಾತ್ರಿ ಆಕಾಶ ನೋಡಿ ಒಳಗೆ ತಂದ ಕೂಡಲೇ ಮುಚ್ಚಳ ಹಾಕಿದರೆ ಇಬ್ಬನಿಯ ತೇವ ಅಲ್ಲೇ ಉಳಿಯುತ್ತದೆ. ಮೊದಲು ಆರಲಿ, ಆಮೇಲೆ ಮುಚ್ಚಿ. ಕಣ್ಣಿಟ್ಟು ನೋಡುವ ಐಪೀಸುಗಳು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆಗಿರಲಿ (ಹೊಸ ಶೂ ಜತೆ ಬರುತ್ತದಲ್ಲ, ಆ ಪುಟ್ಟ ಪೊಟ್ಟಣ). ಮಸೂರದ ಬದಲು ಕನ್ನಡಿ ಇರುವ ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಅಲ್ಯುಮಿನಿಯಂ ಲೇಪನ ಇರುವುದು ಕನ್ನಡಿಯ ಮೇಲ್ಮೈಯಲ್ಲೇ. ಹಾಗಾಗಿ ಧೂಳು ಕಂಡಿತೆಂದು ಬಟ್ಟೆಯಿಂದ ಉಜ್ಜಬೇಡಿ. ಯಾವುದೇ ಟೆಲಿಸ್ಕೋಪನ್ನು ಮುಚ್ಚಳ ತೆಗೆದು ಕಿಟಕಿ ಪಕ್ಕ ಇಡಲೇಬೇಡಿ: ಬಿಸಿಲು ಒಂದೆಡೆ ಕೇಂದ್ರೀಕೃತವಾಗಿ ಬೆಂಕಿ ಹೊತ್ತಿಕೊಳ್ಳಬಹುದು.